ಇಂಧನಕ್ಕೆ ಹಾಕಿದ ಮದ್ದು

ಎರಡನೇ ಸಲವೂ ಯಂತ್ರ ಅದೇ ಹಾಡು ಹಾಡಿತು. ಫೇಲ್. ಇಂಧನದಿಂದ ನೀರು ಬೇರ್ಪಡುತ್ತಿಲ್ಲ.

ಡಿಪೋದ ಕೆಮಿಸ್ಟ್ ಕುರ್ಚಿಯಿಂದ ಎದ್ದಳು, ಕುಳಿತಳು, ಮತ್ತೆ ಎದ್ದಳು. ಮೊದಲ ಸ್ಯಾಂಪಲ್ ಮೇಲೆ ನಂಬಿಕೆ ಬಾರದೆ ಕಪಾಟಿನಿಂದ ಇನ್ನೊಂದು ಬಾಟಲಿ ತೆಗೆದುಕೊಂಡು ಹೋಗಿ, ಟ್ಯಾಂಕಿನಿಂದ ಖುದ್ದಾಗಿ ಹಿಡಿದು ತಂದಿದ್ದಳು. ಕಿಟಕಿಯಾಚೆ, ವಿಮಾನಗಳಿಗೆ ಇಂಧನ ಒಯ್ಯುವ ಟ್ಯಾಂಕರ್‌ಗಳು ಸಾಲಾಗಿ ನಿಂತು ಅವಳ ಒಂದು ಮಾತಿಗೆ ಕಾಯುತ್ತಿದ್ದವು. ಆ ಮಾತು ಇಲ್ಲ ಎಂದಾದರೆ ಅವಳ ಗಂಡನ ಕೆಲಸ ಹೋಗುತ್ತದೆ ಎಂದು ಡ್ರೈವರ್‌ಗಳಿಗೇನು ಗೊತ್ತು?

ವಿಷಯ ಇಷ್ಟೇ. ವಿಮಾನದ ಇಂಧನ ಶುದ್ಧವಾದಷ್ಟೂ ಒಣಕಲು. ಜಿಡ್ಡಿಲ್ಲದಿದ್ದರೆ ಎಂಜಿನ್ನಿನ ಪಂಪು ಸವೆಯುತ್ತದೆ, ಕೊಳವೆಗೆ ತುಕ್ಕು ಹಿಡಿಯುತ್ತದೆ. ಅದಕ್ಕೆಂದೇ ಒಂದು ಮದ್ದು ಬೆರೆಸುತ್ತಾರೆ. ಅದು ಲೋಹದ ಮೈಗೆ ತೆಳ್ಳಗೆ ಅಂಟಿಕೊಂಡು ಕಾಯುತ್ತದೆ. ಆದರೆ ಈ ಮದ್ದು ಸೋಪಿನ ನೆಂಟ, ಅದರ ಹಾಗೇ ನೀರನ್ನೂ ಎಣ್ಣೆಯನ್ನೂ ಬೆಸೆದುಬಿಡುತ್ತದೆ. ಹಾಕುವವನ ಕೈ ಸ್ವಲ್ಪ ಧಾರಾಳವಾಯಿತೋ, ಇಂಧನದಲ್ಲಿ ಸೇರಿಕೊಂಡ ನೀರು ಫಿಲ್ಟರಿಗೆ ಬಗ್ಗುವುದಿಲ್ಲ, ಸೀದಾ ವಿಮಾನದ ಹೊಟ್ಟೆಗೆ ಹೋಗುತ್ತದೆ. ಅಷ್ಟೆತ್ತರದ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿದರೆ ಗತಿಯೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಡಿಪೋದಲ್ಲಿ ಮದ್ದು ಹಾಕುವವನು ಅವಳ ಗಂಡ.

ಹೋದ ತಿಂಗಳು ಒಂದು ವಿಮಾನದ ಪಂಪು ಸವೆದಿದೆ ಎಂದು ದೂರು ಬಂದಿತ್ತು. ಮದ್ದು ಕಡಿಮೆ ಹಾಕಿದ್ದೀಯ ಎಂದು ಮ್ಯಾನೇಜರ್ ಎಲ್ಲರೆದುರು ಅವನ ನೀರಿಳಿಸಿದ್ದರು. "ಇನ್ನೊಂದು ಸಲ ಎಡವಟ್ಟಾದ್ರೆ ಗೇಟಿನಾಚೆ" ಅಂದಿದ್ದರು. ಅವತ್ತಿನಿಂದ ಅವನು ಹಾಸಿಗೆಯಲ್ಲಿ ಹೊರಳಾಡುವುದನ್ನು ಅವಳು ನೋಡುತ್ತಲೇ ಇದ್ದಳು. ಪಾಪ ಅನಿಸುತ್ತಿತ್ತು. ಹೆದರಿದವನು ಈ ಸಲ ಎರಡು ಪಾಲು ಸುರಿದುಬಿಟ್ಟಾನೆಂಬ ಅಳುಕೂ ಇತ್ತು. ಕೇಳೋಣವೆಂದರೆ ಮನೆಯಲ್ಲಿ ಮಾತು ಬಂದ್. ಭಾನುವಾರದಿಂದ ಇಬ್ಬರೂ ಮುಖ ಊದಿಸಿಕೊಂಡು ಓಡಾಡುತ್ತಿದ್ದರು. ಜಗಳ ಯಾವುದಕ್ಕೆಂದು ಯಾರಿಗಾದರೂ ಹೇಳಿದರೆ ನಗೆಪಾಟಲು, ಅಂಥ ಜಗಳ.

ವಾಚ್‌ಮನ್ ಬಾಗಿಲಲ್ಲಿ ಇಣುಕಿದ. "ಅಕ್ಕಾ, ಗಾಡಿ ಬಿಡ್ಲಾ? ಡ್ರೈವರ್‌ಗಳು ನನ್ನ ತಲೆ ತಿಂತಿದಾರೆ."

"ಇನ್ನೂ ಇಲ್ಲ ಕಣೋ."

"ಇವತ್ತು ಗಂಡ ಹೆಂಡ್ತಿ ಇಬ್ಬರಿಗೂ ಈ ಲ್ಯಾಬೇ ಗತಿ ಅನ್ಸುತ್ತೆ. ಭಾವನೂ ನಿಮಗಿಂತ ಮುಂಚೆ ಬಂದು ಇಲ್ಲೇ ಇದ್ರು."

ಅವಳು ತಿರುಗಿದಳು. "ಇಲ್ಲಿ? ಏನು ಮಾಡ್ತಿದ್ರು?"

"ಬಾಗಿಲು ಹಾಕ್ಕೊಂಡಿದ್ರು, ಕಾಣ್ಲಿಲ್ಲ. ಆಚೆ ಬರುವಾಗ ಅಂಗಿ ತೋಳು ಮಡಚಿತ್ತು. ನಿಮ್ಮಕ್ಕಂಗೆ ಹೇಳ್ಬೇಡ ಅಂದ್ರು." ಹೇಳಿಬಿಟ್ಟ ಮೇಲೆ ಅವನು ನಾಲಿಗೆ ಕಚ್ಚಿಕೊಂಡ.

ಅವಳಿಗೆ ಹೊಳೆದದ್ದು ಒಂದೇ. ಮದ್ದು ಮಿತಿಮೀರಿದ್ದು ಗೊತ್ತಾಗಿ, ಪರೀಕ್ಷೆ ಪಾಸಾಗಲೆಂದು ಯಂತ್ರಕ್ಕೇ ಕೈ ಹಾಕಿದ್ದಾನೆ. ಹೆಂಡತಿಯ ಕಣ್ಣಿಗೇ ಮಣ್ಣೆರಚಲು ಹೊರಟಿದ್ದಾನೆ. ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಯಂತ್ರವನ್ನು ಮೇಲಿಂದ ಕೆಳಗಿನವರೆಗೆ ತಡಕಿದಳು. ಎಲ್ಲ ನೆಟ್ಟಗಿತ್ತು. ಹಾಗಾದರೆ ಯಂತ್ರ ಹೇಳಿದ್ದು ನಿಜ. ಗಂಡ ಬಂದ ಕೆಲಸ ಕೈಗೂಡದೆ ಹಿಂದಿರುಗಿದ್ದಾನೆ, ಅಷ್ಟೆ.

ಫೋನು ಬಡಿದುಕೊಂಡಿತು. ಮ್ಯಾನೇಜರ್.

"ಏನಮ್ಮಾ, ಹೂಂ ಅಂತೀಯೋ, ಊಹೂಂ ಅಂತೀಯೋ?"

ಹೂಂ ಅಂದರೆ ಮುಗಿಯಿತು. ಗಂಡ ಉಳಿಯುತ್ತಾನೆ, ಟ್ಯಾಂಕರ್‌ಗಳು ಹೊರಡುತ್ತವೆ, ಬಹುಶಃ ಏನೂ ಆಗುವುದಿಲ್ಲ. ಆ ಬಹುಶಃ ಎಂಬುದನ್ನೇ ಅವಳಿಗೆ ದಾಟಲಾಗಲಿಲ್ಲ. ಸೀಟು ಬೆಲ್ಟು ಕಟ್ಟಿಕೊಂಡು ಕೂತವರು ಯಾರ ತಾಯಿಯೋ, ಯಾರ ಮಗುವೋ.

"ಊಹೂಂ ಸಾರ್. ಟ್ಯಾಂಕಿಗೆ ಬೀಗ ಹಾಕಿಸಿ. ಮದ್ದು ಜಾಸ್ತಿಯಾಗಿದೆ."

"ಹಾಕಿದ್ದು ಯಾರು ಅಂತ ಗೊತ್ತಿದ್ದೇ ಹೇಳ್ತಿದೀಯಾ?"

"ಗೊತ್ತಿದ್ದೇ ಸಾರ್."

"ಸರಿ. ಅವನನ್ನ ಅಲ್ಲಿಗೇ ಕಳಿಸ್ತೀನಿ. ಕೆಲಸ ಹೋಯ್ತು ಅಂತ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."

ಗಂಡ ಬಂದ. ಭಾನುವಾರದಿಂದ ಮೊದಲ ಸಲ ಅವಳ ಮುಖ ನೋಡಿ ನಕ್ಕ. ಆ ನಗು ಕಂಡು ಅವಳಿಗೆ ಇನ್ನಷ್ಟು ಸಂಕಟವಾಯಿತು.

"ಮದ್ದು ಎಷ್ಟು ಹಾಕಿದ್ರಿ?"

"ಅಳತೆಗೆ ಸರಿಯಾಗಿ. ಒಂದು ತೊಟ್ಟು ಆಚೆ ಈಚೆ ಇಲ್ಲ."

"ಸುಳ್ಳು ಹೇಳ್ಬೇಡಿ. ಬೆಳಿಗ್ಗೆ ಕದ್ದು ಇಲ್ಲಿಗೆ ಬಂದಿದ್ರಿ. ನನಗೆಲ್ಲ ಗೊತ್ತು."

ಅವನ ನಗು ಆರಿತು. ತಲೆ ಕೆರೆದುಕೊಂಡ. "ವಾಚ್‌ಮನ್ ಬಾಯಿಬಿಟ್ನಾ? ನಿನಗೆ ತಾನಾಗೇ ಗೊತ್ತಾಗ್ಲಿ ಅಂತಿದ್ದೆ."

"ಗೊತ್ತಾಯ್ತಲ್ಲ. ಎರಡೆರಡು ಸಲ ಗೊತ್ತಾಯ್ತು." ಅವಳು ಎರಡು ಬಾಟಲಿಗಳನ್ನೂ ಅವನತ್ತ ತಳ್ಳಿದಳು. "ಕೆಲಸ ಹೋಯ್ತು ರೀ ನಿಮ್ಮದು. ನಾನೇ ಕೈಯಾರೆ ಕಳೆದೆ. ಇನ್ನಾದ್ರೂ ನಿಜ ಹೇಳಿ, ಏನು ಮಾಡಿದ್ರಿ?"

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಪೆಚ್ಚಾಗಿ ನಿಂತು, ಮೇಜಿನ ಮೇಲಿದ್ದ ಎರಡು ಸ್ಯಾಂಪಲ್‌ಗಳನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಮದುವೆಯಾದಾಗಿನಿಂದ ಒಂದು ಲೋಟಾನೂ ತೊಳೆದಿಲ್ಲ ಅಂತ ಭಾನುವಾರ ಅಂದೆಯಲ್ಲ... ಅದಕ್ಕೇ ನಿನ್ನ ಕಪಾಟಲ್ಲಿದ್ದ ಬಾಟ್ಲಿ ಅಷ್ಟನ್ನೂ ಸೋಪು ಹಾಕಿ, ಚೆನ್ನಾಗಿ ಉಜ್ಜಿ ತೊಳೆದಿಟ್ಟೆ."