ತಾಮ್ರದ ತಗಡಿನ ಅಪರಾಧಿ

ಈ ತಗಡಿನಲ್ಲೂ ಅದೇ ಮುಖ!

ಮುರುಗೇಶ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಕಂಬಕ್ಕೆ ಕಟ್ಟಿಸಿಕೊಂಡು ಚಾಟಿಯೇಟು ತಿನ್ನುತ್ತಿರುವವನ ಎಡಹುಬ್ಬು ನಡುವೆ ಸೀಳಿತ್ತು. ಪಕ್ಕದ ತಗಡಿನಲ್ಲಿ ಕತ್ತೆಯ ಮೇಲೆ ಹಿಂದುಮುಂದಾಗಿ ಕೂತವನಿಗೂ ಸೀಳುಹುಬ್ಬು. ಮರದ ಕೋಳಕ್ಕೆ ಕಾಲು ಕೊಟ್ಟವನಿಗೂ ಅದೇ. ಅವುಗಳ ಕೆಳಗೆ ಕೂತು ಸಣ್ಣ ಸುತ್ತಿಗೆ ಆಡಿಸುತ್ತಿದ್ದ ಮುಝಫರನ ಹುಬ್ಬು ಹೇಗಿತ್ತು? ಹಾಗೇ ಇತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮಹಾರಾಯ ಹೆಗಲೇನು, ಇಡೀ ಮೈಯನ್ನೇ ತಾಮ್ರದಲ್ಲಿ ಕೆತ್ತಿ ಗೋಡೆಗೆ ನೇತುಹಾಕಿದ್ದ.

ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಾತ್ರೆಗೆ ಹೆಸರು ಹಾಕುವ ಅಂಗಡಿ ಅದು. ಮದುವೆಯ ಬಿಂದಿಗೆ, ತೊಟ್ಟಿಲ ಶಾಸ್ತ್ರದ ಬಟ್ಟಲು, ಎಲ್ಲದರ ಮೇಲೂ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಮೂಡಿಸಿಯೇ ಮುಝಫರನ ಅಪ್ಪ, ತಾತ ಬದುಕಿದ್ದರು. ಈಗ ಪಾತ್ರೆ ಅಂಗಡಿಯವರೇ ಮಷಿನ್ ಇಟ್ಟುಕೊಂಡಿದ್ದಾರೆ. ಇವನ ಬಾಗಿಲಿಗೆ ನೊಣವೂ ಬರುವುದಿಲ್ಲ. ಮಗಳು ಸಬಾ ಮದುವೆಯಾಗಿ ಹಿರಿಯೂರು ಸೇರಿದ ಮೇಲೆ ಅವನಿಗೆ ಜೊತೆ ಅಂತ ಇದ್ದದ್ದು ಚಿತ್ರದುರ್ಗದ ಗುಜರಿಯಲ್ಲಿ ಸಿಕ್ಕ ಒಂದು ಹರಕು ಇಂಗ್ಲಿಷ್ ಪುಸ್ತಕ. ಅದರ ತುಂಬ ಹಳೆಯ ಕಾಲದ ಕೆತ್ತನೆಯ ಅಚ್ಚುಗಳು. ಸೆರೆಮನೆ, ಸಂಕೋಲೆ, ಗಲ್ಲುಗಂಬ. ಅವನ್ನು ನೋಡಿ ನೋಡಿ ತಗಡಿಗೆ ಇಳಿಸುತ್ತಿದ್ದ.

ಮುರುಗೇಶನಾದರೋ ನಿವೃತ್ತ ದಫೇದಾರ. ಖಾಕಿ ಕಳಚಿದ ದಿನದಿಂದ ಅವನನ್ನು ಯಾರೂ ಬಾಯಿತುಂಬ 'ಬರ್ರಿ' ಎಂದಿರಲಿಲ್ಲ. ಹೆಂಡತಿ ತೀರಿಕೊಂಡ ಮನೆಯಲ್ಲಿ ಟಿವಿ ಒಂದೇ ಮಾತಾಡುತ್ತಿತ್ತು. ಕೈಗೊಂದು ಕೇಸು ಸಿಕ್ಕರೆ ಸಾಕು, ಬೆಳಗಾದರೆ ಹೋಗುವುದಕ್ಕೆ ಒಂದು ಜಾಗವಾದರೂ ಇರುತ್ತದೆ ಎಂದು ಅವನ ಜೀವ ಒದ್ದಾಡುತ್ತಿತ್ತು. ಚಪ್ಪಲಿ ಹೊಲಿಸಲು ಓಣಿಗೆ ಬಂದವನಿಗೆ ಈ ತಗಡುಗಳು ಕಂಡವು. ಕಂಡದ್ದೇ, ಪೇಟೆಯ ಪಾತ್ರೆ ಅಂಗಡಿಗೆ ಬಿದ್ದ ಆ ಹಳೆಯ ಬೆಂಕಿ ನೆನಪಾಯಿತು. ಒಳಗೆ ಮಲಗಿದ್ದ ಕಾವಲುಗಾರ ಚಿತ್ತಪ್ಪ ಸುಟ್ಟು ಸತ್ತಿದ್ದ. ಅಂಥದ್ದನ್ನು ಯಾವ ಪೊಲೀಸ ಮರೆತಾನು? ಊರಿಗೆ ಮೊದಲು ಹೆಸರು ಹಾಕುವ ಮಷಿನ್ ತಂದ ಅಂಗಡಿಯೂ ಅದೇ.

ವಿಚಾರಣೆ ಶುರುವಾಯಿತು. ಮುರುಗೇಶ ದಿನಾ ಬರುತ್ತಿದ್ದ, ದಿನಕ್ಕೊಂದೇ ಪ್ರಶ್ನೆ ಕೇಳುತ್ತಿದ್ದ. ತನಿಖೆಗೆ ತಾಳ್ಮೆ ಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮುಝಫರ್ ಸ್ಟೂಲು ಒರೆಸಿ ಕೂರಿಸಿ, ಟೀ ತರಿಸಿ, ಅಡ್ಡಡ್ಡ ಉತ್ತರ ಕೊಡುತ್ತಿದ್ದ. ಬೆಂಕಿ ಬಿದ್ದ ದಿನ ಮಾಡದಕೆರೆಯಲ್ಲಿದ್ದೆ ಎಂದವನು ಮಾರನೆಯ ದಿನ ಹೊಸದುರ್ಗದಲ್ಲಿದ್ದೆ ಎನ್ನುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ!

ಬರಬರುತ್ತಾ ಮುರುಗೇಶನಿಗೆ ಇನ್ನೊಂದು ಸಂಗತಿ ಹೊಳೆಯಿತು. ಚಿತ್ರಗಳಲ್ಲಿ ಅಪರಾಧಿಯ ಸುತ್ತ ನೆರೆದ ಜನರೆಲ್ಲ ಇದೇ ಊರಿನವರು. ಹೂವಿನ ರೇಣುಕಮ್ಮ, ಬಸ್ಸಿನ ಏಜೆಂಟ್, ಹಾಲಿನವನು. ಒಬ್ಬೊಬ್ಬರ ಕಣ್ಣನ್ನೂ ಅಕ್ಕರೆಯಿಂದ ಕೆತ್ತಿದ್ದ. ಅಬ್ಬಾ, ಸಾಕ್ಷಿಗಳನ್ನೂ ಇವನೇ ಜೋಡಿಸಿ ಕೊಟ್ಟಿದ್ದಾನಲ್ಲ ಎಂದುಕೊಂಡ.

ಆದರೆ ಪ್ರಶ್ನೆಗಳು ಎಷ್ಟು ದಿನ ಬಂದಾವು? ಸಂತೆಯ ದಿನ ಮುರುಗೇಶ ಟೀ ಮುಗಿಸಿ, ಲೋಟ ತಿರುಗಿಸುತ್ತಾ ಬಹಳ ಹೊತ್ತು ಕೂತ. ತಲೆ ಖಾಲಿ. ಕೊನೆಗೆ ಎದ್ದು ನಿಂತ.

"ಇನ್ನು ಕೇಳಾಕೆ ಏನೂ ಉಳಿದಿಲ್ಲ ಭಾಯ್. ನಾಳೆಯಿಂದ ಬರಲ್ಲ."

ಸುತ್ತಿಗೆ ನಿಂತಿತು.

"ನಾನೇ ಹಚ್ಚಿದ್ದು ದಫೇದಾರ್ರೇ," ಎಂದ ಮುಝಫರ್.

ಗೆದ್ದವನ ಮುಖ ಅರಳಬೇಕಿತ್ತು. ಮುರುಗೇಶ ಖಾಲಿ ಲೋಟವನ್ನೇ ಮತ್ತೆ ಎತ್ತಿಕೊಂಡ. ಅವಸರ ಏನೂ ಇಲ್ಲ, ನಾಳೆ ನೋಡೋಣ ಎಂದು ತೊದಲಿದ. ಮುಝಫರ್ ಒಪ್ಪಲಿಲ್ಲ. ಒಳಗೆ ಹೋಗಿ ಹಬ್ಬಕ್ಕೆ ಇಟ್ಟಿದ್ದ ಬಿಳಿ ಜುಬ್ಬಾ ಹಾಕಿಕೊಂಡು ಬಂದ. ಅಂಗಡಿಗೆ ಬೀಗ ಜಡಿದ. ಸಂತೆಯ ರಸ್ತೆಯಲ್ಲೇ ಹೋಗಾಣ, ನಿಧಾನಕ್ಕೆ ಹೋಗಾಣ ಎಂದ. ಬೇಡಿ ಹಾಕಲ್ಲವಾ ಎಂದೂ ಕೇಳಿದ.

ನಡೆದರು. ಸಂತೆ ಗಿಜಿಗುಡುತ್ತಿತ್ತು. ರೇಣುಕಮ್ಮ ಮೊಳ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಏಜೆಂಟ್ ಚಿತ್ರದುರ್ಗ, ಚಿತ್ರದುರ್ಗ ಎಂದು ಕೂಗುತ್ತಾ ಇವರನ್ನು ಸರಿಸಿಕೊಂಡೇ ಹೋದ. ಒಬ್ಬ ನರಪಿಳ್ಳೆಯೂ ಇತ್ತ ತಿರುಗಲಿಲ್ಲ. ಮುಝಫರ್ ಮಾತ್ರ ಆಚೀಚೆ ನೋಡುತ್ತಲೇ ನಡೆದ. ಅವನ ಹೆಜ್ಜೆ ಬರಬರುತ್ತಾ ಸಣ್ಣದಾಯಿತು.

ಠಾಣೆಯ ಗೇಟು ಬಂತು. ಮುರುಗೇಶನ ಕಾಲು ಮುಂದೆ ಹೋಗಲೊಲ್ಲದು. ಎದುರಿನ ಕಲ್ಲುಬೆಂಚು ತೋರಿಸಿ, ಸ್ವಲ್ಪ ಕುಂತ್ಕಳ್ರಿ ಭಾಯ್ ಎಂದ. ಒಳಗೆ ಹೋಗುವುದು ಬೇಡ, ಹೋದರೆ ಹೊಸ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಇಬ್ಬರ ಮರ್ಯಾದೆಯೂ ಹೋಗುತ್ತದೆ ಎಂದ.

"ಗೊತ್ತೈತೆ," ಎಂದ ಮುಝಫರ್. "ಬೆಂಕಿ ಹಚ್ಚಿದೋನ್ನ ಆ ವಾರದಾಗೇ ಹಿಡಿದೋರು ನೀವೇ. ಬೇಡಿ ಹಾಕಿ ಇದೇ ರಸ್ತೇಲಿ ನಡೆಸ್ಕಂಡು ಬಂದ್ರಿ. ನಾನೂ ಅಂಗಡಿ ಬಿಟ್ಟು ನೋಡಾಕೆ ಬಂದಿದ್ದೆ. ಊರಿಗೆ ಊರೇ ಅವನೊಬ್ಬನ್ನೇ ನೋಡ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾತು."

ಮುರುಗೇಶನಿಗೆ ನಾಚಿಕೆಯಿಂದ ಕತ್ತು ಎತ್ತಲಾಗಲಿಲ್ಲ. ಎಲ್ಲ ಗೊತ್ತಿದ್ದೂ ನಾನೇ ಹಚ್ಚಿದ್ದು ಅಂತ ಯಾಕೆ ಒಪ್ಪಿಕೊಂಡಿರಿ ಎಂದು ನೆಲ ನೋಡುತ್ತಲೇ ಕೇಳಿದ.

"ನಾಳೆಯಿಂದ ಬರಲ್ಲ ಅಂದ್ರಲ್ಲ."