ತಿರುಗದ ಪಟ್ಟೆ

ಸಂಶೋಧನೆಯ ಹುಡುಗಿ ನಾಬನ್ನು ಸೊನ್ನೆಯಿಂದ ತೊಂಬತ್ತು ಡಿಗ್ರಿಗೆ ತಿರುಗಿಸಿದಳು. ಯಂತ್ರದೊಳಗಿನ ಹರಳು ತಿರುಗಿತು. ಪರದೆಯ ಮೇಲಿನ ಪಟ್ಟೆಗಳು ಮಾತ್ರ ಇದ್ದಲ್ಲೇ ಇದ್ದವು. ಪಟ್ಟೆ ಹರಳಿನದಾಗಿದ್ದರೆ ಹರಳಿನ ಜೊತೆಗೇ ತಿರುಗಬೇಕಿತ್ತು. ಇದು ಯಂತ್ರದ ದೋಷ. ಪದರ ಪದರವಾದ ಆ ಹರಳಿನೊಳಗೆ ಎಲೆಕ್ಟ್ರಾನುಗಳು ಸಾಲುಗಟ್ಟಿ ನಿಂತಿವೆ ಎಂದು ಈ ಪಟ್ಟೆಗಳನ್ನು ನಂಬಿ ಅವಳು ಮೂರು ವರ್ಷ ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

"ಹುಲಿ ತಿರುಗಿದ್ರೆ ಪಟ್ಟೆನೂ ತಿರುಗ್ಬೇಕಲ್ವೇನಮ್ಮಾ?" ಹಿಂದೆ ನಿಂತು ಚಹಾ ಹೀರುತ್ತಿದ್ದ ಪ್ರೊಫೆಸರು ಕೇಳಿದರು. "ನೀನು ಸೇರಿದ ಮೊದಲ ತಿಂಗಳೇ ನನಗಿದು ಗೊತ್ತಿತ್ತು."

"ಮತ್ತೆ ಯಾಕೆ ಸಾರ್ ಹೇಳ್ಲಿಲ್ಲ?"

"ಹೇಳಿಬಿಟ್ಟಿದ್ರೆ, ತಿರುಗಿಸಿ ನೋಡೋ ಬುದ್ಧಿ ನಿನಗೆ ಯಾವಾಗ ಬರುತ್ತೆ ಅಂತ ನನಗೆ ಹೇಗೆ ಗೊತ್ತಾಗ್ತಿತ್ತು?" ಖಾಲಿ ಲೋಟವನ್ನು ಅವಳ ನೋಟ್‌ಬುಕ್ಕಿನ ಮೇಲಿಟ್ಟು ಅವರು ಹೊರಟುಹೋದರು.

ಅಳುವುದಕ್ಕೂ ಅವಳಿಗೆ ಪುರುಸೊತ್ತು ಸಿಗಲಿಲ್ಲ. ಇದೇ ಯಂತ್ರದಲ್ಲಿ ಈ ವರ್ಷ ಕೆಲಸ ಶುರುಮಾಡಿದ ಕಿರಿಯಳು, ದಿನಾ ಅವಳ ಜೊತೆ ಊಟದ ಡಬ್ಬಿ ಹಂಚಿಕೊಳ್ಳುವವಳು, ಹಾಳೆಯೊಂದನ್ನು ಹಿಡಿದು ಓಡಿಬಂದಳು. "ಅಕ್ಕಾ, ನನ್ನ ಹರಳಲ್ಲೂ ಪಟ್ಟೆ ಬಂತು! ಥೇಟ್ ನಿಮ್ಮದರ ಥರಾನೇ! ಸರಿಯಾಗಿದೆಯಾ ಸ್ವಲ್ಪ ನೋಡಿ."

ನೋಡಿದಳು. ಅದೇ ಅಗಲ, ಅದೇ ಓರೆ, ಅದೇ ಪಟ್ಟೆ. ಕಿರಿಯಳು ಯಂತ್ರದತ್ತ ಬಗ್ಗುವ ಮೊದಲೇ ಹಿರಿಯಳ ಕೈ ತೊಂಬತ್ತರಲ್ಲಿದ್ದ ನಾಬಿನ ಮುಳ್ಳನ್ನು ಸದ್ದಿಲ್ಲದೆ ಸೊನ್ನೆಗೆ ತಂದು ನಿಲ್ಲಿಸಿತ್ತು.

"ತುಂಬಾ ಚೆನ್ನಾಗಿದೆ ಕಣೇ," ಎಂದಳು. "ಹೀಗೇ ಮುಂದುವರಿಸು."