ಪಟ್ಟಿಯಲ್ಲಿಲ್ಲದ ಕಾಯಿಲೆ

ಪೌರಕಾರ್ಮಿಕರ ಕ್ವಾರ್ಟರ್ಸಿನ ಗೋಡೆಗಳಿಗೆ ಕಪ್ಪು ಬೂಷ್ಟು ಹಿಡಿದು ಆರು ವರ್ಷವಾಗಿತ್ತು. ಮನೆಮನೆಯಲ್ಲೂ ಕೆಮ್ಮು, ಉಬ್ಬಸ. ಬೂಷ್ಟಿನಿಂದ ಬರುವ ಕಾಯಿಲೆಯನ್ನು ಸರ್ಕಾರ ತಾನು ಒಪ್ಪಿದ ಕಾಯಿಲೆಗಳ ಪಟ್ಟಿಗೆ ಸೇರಿಸಬೇಕು, ಇಂಥ ಮನೆಗಳಲ್ಲಿ ಜನರನ್ನು ಇಡದಂತೆ ಕಾನೂನು ತರಬೇಕು ಎಂದು ಪುಟ್ಟನರಸಮ್ಮ ಬೀದಿ ಗುಡಿಸಿ ಬಂದ ಮೇಲೆ ಮನೆಮನೆ ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿದಳು. ಅವಳು ಮೆಟ್ಟಿಲು ಹತ್ತದ ಕಚೇರಿ ಇರಲಿಲ್ಲ. ಕೊನೆಗೊಮ್ಮೆ ಸರ್ಕಾರದ ಸಮಿತಿಯೊಂದು ಅವಳನ್ನು ವಿಚಾರಣೆಗೆ ಕರೆಯಿತು.

ಅಧ್ಯಕ್ಷರು ಹಿರಿಯ ಡಾಕ್ಟರು. ಅವಳ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು.

"ನೋಡಮ್ಮ, ಗೋಡೆ ಬೂಷ್ಟಿನಿಂದ ಯಾರಿಗೂ ಕಾಯಿಲೆ ಬರಲ್ಲ. ಇದೆಲ್ಲ ನಿಮ್ಮ ಮನಸ್ಸಿನ ಭಯ."

"ನನ್ನ ಮಗಳು ಮೂರು ಸಲ ಆಸ್ಪತ್ರೆ ಸೇರಿದ್ಲು ಸಾರ್. ಭಯಕ್ಕೆ ಆಕ್ಸಿಜನ್ ಹಾಕ್ತಾರಾ?"

"ಬಾಯಿ ಮಾತು ಸಾಲದಮ್ಮ. ಕಾನೂನು ತರಬೇಕು ಅಂದ್ರೆ ಪುರಾವೆ ಬೇಕು."

"ಹಂಗಾರೆ ಮುಂದಿನ ಸಭೆ ನಮ್ಮನೇಲೇ ಮಾಡಿ. ಬಾಗ್ಲು ಹಾಕ್ಕೊಂಡು ಎರಡು ಗಂಟೆ ಕೂತ್ಕೊಳ್ಳಿ. ನಿಮಗೇನೂ ಆಗಲಿಲ್ಲ ಅಂದ್ರೆ ಈ ಅರ್ಜಿ ನಾನೇ ಹರಿದಾಕ್ತೀನಿ."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸತೊಡಗಿದರು.

"ಅದಾಗಲ್ಲಮ್ಮ. ನನಗೆ ಮೊದಲೇ ಆಸ್ತಮಾ. ಅಂಥ ಮನೇಲಿ ಅರ್ಧ ಗಂಟೆ ಕೂತ್ರೂ ಉಸಿರು ಕಟ್ಟುತ್ತೆ."

ಪುಟ್ಟನರಸಮ್ಮ ಸಭೆಯ ನಡಾವಳಿ ಬರೆಯುತ್ತಿದ್ದ ಗುಮಾಸ್ತರ ಕಡೆ ತಿರುಗಿದಳು.

"ಡಾಕ್ಟರು ಈಗ ಹೇಳಿದ್ದನ್ನ ಒಂದಕ್ಷರ ಬಿಡ್ದಂಗೆ ಬರ್ಕೊಳ್ಳಿ ಸ್ವಾಮಿ."